ಮನೆ ಬಳಗದ ಗುಂಪಲ್ಲಿ: ಕೊಬ್ಬರಿ ಮಂಡಿ ಲೆಕ್ಕಕ್ಕೆ ಒಂದು ಪೆನ್ ಡ್ರೈವ್ ಸಾಕಾ?

ಅಣ್ಣ: (ಸುದ್ದಿ ಲಿಂಕ್) ದಕ್ಷಿಣ ಕೊರಿಯಾದ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದ ಸುದ್ದಿ ಇದು. 2025ರ ಸೆಪ್ಟೆಂಬರ್ 26ಕ್ಕೆ ಆಗಿದ್ದು. ನೌಕರರು ಕಡತ ಇಡ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಸುಟ್ಟು ಹೋಯ್ತಂತೆ. ಹೊರಗಡೆ ಇನ್ನೊಂದು ಪ್ರತಿ ಇರ್ಲಿಲ್ಲವಂತೆ. ಮಂಡಿ ನೋಡ್ಕೊಳ್ಳೋರೆಲ್ಲ ಒಂದ್ಸಲ ಓದಿ.

ಚಿಕ್ಕಪ್ಪ: ಓದ್ದೆ. ಅಲ್ಲಿ ಹೊತ್ಕೊಂಡಿದ್ದು ಲಿಥಿಯಂ ಬ್ಯಾಟರಿ. ನಮ್ಮ ಯುಪಿಎಸ್‌ದು ಆಸಿಡ್ ಬ್ಯಾಟರಿ. ಗುಮಾಸ್ತ ದಿನಾ ಸಂಜೆ ಬಾಗಿಲು ಹಾಕೋ ಮುಂಚೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಬ್ಯಾಕಪ್ ಪೆನ್ ಡ್ರೈವ್‌ಗೆ ತಗೋತಾನೆ, ಸಾಲದ್ದಕ್ಕೆ ಗೂಗಲ್ ಡ್ರೈವ್ ಬೇರೆ ಇದೆ. ತಿಪಟೂರಲ್ಲಿ ಎಷ್ಟು ಮಂಡಿಯವರು ಇಷ್ಟು ಮಾಡ್ತಾರೆ ಹೇಳಿ?

ನಾನು: ದಿನಾ ತಗೊಳ್ಳೋದು ಒಳ್ಳೇದೇ ಚಿಕ್ಕಪ್ಪ. ಆ ಪೆನ್ ಡ್ರೈವ್ ರಾತ್ರಿ ಎಲ್ಲಿರುತ್ತೆ?

ಅಣ್ಣ: ಸಿಪಿಯುಗೇ ಚುಚ್ಚಿರುತ್ತೆ. ತೆಗೆದಿಟ್ರೆ ಕಳೆದುಹೋಗುತ್ತೆ ಅಂತ.

ನಾನು: ನನ್ನ ಭಯ ಅದೇ ಅಣ್ಣ. ಕಂಪ್ಯೂಟರ್ ಕೋಣೆ ಮೇಲೇ ಅಟ್ಟದ ತುಂಬ ಉಂಡೆ ಕೊಬ್ಬರಿ. ಕೊಬ್ಬರಿ ತಾನಾಗೇ ಬಿಸಿಯೇರಿ ಬೆಂಕಿ ಹೊತ್ಕೊಳ್ಳೋ ಸರಕು ಅಂತ ಹಡಗಿನವರು ಅಪಾಯಕಾರಿ ಸರಕಿನ ಪಟ್ಟಿಯಲ್ಲಿಟ್ಟಿದ್ದಾರೆ. ಒಂದು ಕಿಡಿ ಬಿದ್ರೆ ಕಂಪ್ಯೂಟರೂ ಪೆನ್ ಡ್ರೈವೂ ಒಟ್ಟಿಗೇ ಹೋಗುತ್ತೆ. ಬೆಂಕಿ ಬೇಡ, ಕಳ್ಳ ಬಂದ್ರೂ ಸಿಪಿಯು ಎತ್ಕೊಂಡು ಹೋಗೋನು ಪೆನ್ ಡ್ರೈವ್ ಕಿತ್ತಿಟ್ಟು ಹೋಗಲ್ಲ. ರ‍್ಯಾನ್ಸಮ್‌ವೇರ್ ಅನ್ನೋ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್ ಹೊಕ್ಕರಂತೂ ಚುಚ್ಚಿರೋ ಡ್ರೈವ್ ಎಲ್ಲಕ್ಕೂ ಬೀಗ ಹಾಕುತ್ತೆ. 2017ರ ಮೇನಲ್ಲಿ ವಾನಾಕ್ರೈ ಅನ್ನೋ ಅಂಥ ವೈರಸ್ ಬಂದಾಗ ಆಗಿದ್ದೂ ಅದೇ.

ಚಿಕ್ಕಪ್ಪ: ಅದಕ್ಕೇ ಗೂಗಲ್ ಡ್ರೈವ್ ಇರೋದು ಕಣಮ್ಮ.

ನಾನು: ನಿಮ್ಮದು ಸಿಂಕ್ ಆಗೋ ಫೋಲ್ಡರ್. ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಯುತ್ತೆ, ಇಲ್ಲಿ ಕೆಟ್ಟ ಫೈಲ್ ಅಲ್ಲಿಗೂ ಹೋಗಿ ಕೂರುತ್ತೆ. ಕಸದ ಬುಟ್ಟಿಗೆ ಬಿದ್ದಿದ್ದು 30 ದಿನ ಇರುತ್ತೆ, ಆಮೇಲೆ ಪೂರ್ತಿ ಹೋಗುತ್ತೆ. ಯಾರೋ ಹಳೇ ವರ್ಷದ ಫೋಲ್ಡರ್ ಅಳಿಸಿದ್ದು ನಮಗೆ ಗೊತ್ತಾಗೋದು ಆಡಿಟರ್ ಕೇಳಿದಾಗ.

ಸೋದರಮಾವ: ಇಷ್ಟೆಲ್ಲ ಯಾಕೆ? ನಮ್ಮಪ್ಪನ ಕಾಲದ ಖಾತೆ ಪುಸ್ತಕ ಇವತ್ತಿಗೂ ಪೆಟ್ಟಿಗೆಯಲ್ಲಿದೆ. ಕರೆಂಟ್ ಬೇಡ, ಪಾಸ್‌ವರ್ಡ್ ಬೇಡ. ರೈತ ಬಂದು ನನ್ನ ಬಾಕಿ ಎಷ್ಟು ಅಂದ್ರೆ ಪುಟ ತಿರುವಿ ಹೇಳ್ತಿದ್ರು.

ಚಿಕ್ಕಪ್ಪ: ಭಾವ ಹೇಳೋದು ಸರಿ.

ನಾನು: ಮಾವನ ಮಾತು ಅರ್ಧ ನಾನೂ ಒಪ್ತೀನಿ. ಹರಾಜಿನ ದಿನ ಬೆಳಿಗ್ಗೆ ಕಂಪ್ಯೂಟರ್ ಏಳಲಿಲ್ಲ ಅಂದ್ಕೊಳ್ಳಿ. ಬ್ಯಾಕಪ್ ಇದ್ರೂ ಹೊಸ ಮಿಷನ್ ತಂದು, ಟ್ಯಾಲಿ ಹಾಕಿ, ಲೈಸೆನ್ಸ್ ಎಬ್ಬಿಸೋ ಹೊತ್ತಿಗೆ ದಿನ ಮುಗಿದಿರುತ್ತೆ. ಅಲ್ಲೀವರೆಗೆ ಚೀಲ ತಂದ ರೈತ ನಿಂತೇ ಇರ್ತಾನಾ? ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದೀವಿ, ಯಾರ ಪಟ್ಟಿ (ಮಾರಾಟದ ಚೀಟಿ) ದುಡ್ಡು ಬಾಕಿ ಅನ್ನೋದು ಪ್ರತಿ ಹರಾಜಿನ ಹಿಂದಿನ ಸಂಜೆ ಪ್ರಿಂಟ್ ಆಗಿ ಗಲ್ಲಾಪೆಟ್ಟಿಗೆಯಲ್ಲಿ ಇರಲಿ. ಕೈಬರಹದ ಪಟ್ಟಿ ಪುಸ್ತಕ ಒಂದು ಇರಲಿ. ಲೆಕ್ಕ ಉಳಿಸೋದು ಎಷ್ಟು ಮುಖ್ಯವೋ ಆ ದಿನ ಅಂಗಡಿ ನಡೆಸೋದೂ ಅಷ್ಟೇ ಮುಖ್ಯ. ಆದ್ರೆ ಬರೀ ಕಾಗದ ಸಾಲದು ಮಾವ, ಅದೂ ಅದೇ ಅಟ್ಟದ ಕೆಳಗೇ ಇರೋದು.

ಅತ್ತಿಗೆ: ಆಡಿಟರ್ ಕೂಡ ಹೋದ ವರ್ಷ ಹೇಳಿದ್ರು. ಜಿಎಸ್‌ಟಿ ದಾಖಲೆನ ವಾರ್ಷಿಕ ರಿಟರ್ನ್ ಕೊನೇ ದಿನಾಂಕದಿಂದ 72 ತಿಂಗಳು ಇಡಬೇಕು. 2023-24ರದ್ದು ಅಂದ್ರೆ 2030ರ ಡಿಸೆಂಬರ್‌ವರೆಗೆ. 57ನೇ ನಿಯಮದಲ್ಲಿ ಇನ್ನೊಂದು ಮಾತಿದೆ: ಅಪಘಾತದಿಂದಲೋ ಪ್ರಕೃತಿಯಿಂದಲೋ ದಾಖಲೆ ನಾಶವಾದ್ರೆ ಸಮಂಜಸ ಅವಧಿಯೊಳಗೆ ಮರಳಿ ಸಿಗೋ ಹಾಗೆ ಬ್ಯಾಕಪ್ ಇಟ್ಟಿರಬೇಕು ಅಂತ.

ಚಿಕ್ಕಪ್ಪ: ಇಟ್ಟಿದ್ದೀವಲ್ಲ!

ನಾನು: "ಮರಳಿ ಸಿಗೋ ಹಾಗೆ" ಅಂತಿದೆ ಚಿಕ್ಕಪ್ಪ. ಇದುವರೆಗೆ ಆ ಪೆನ್ ಡ್ರೈವ್‌ನಿಂದ ಒಂದ್ಸಲನಾದ್ರೂ ವಾಪಸ್ ತೆಗೆದು ನೋಡಿದ್ದೀರಾ?

ಅಣ್ಣ: ಇಲ್ಲ.

ಚಿಕ್ಕಪ್ಪ: ಯಾಕೆ ನೋಡಬೇಕು? "ಬ್ಯಾಕಪ್ ಆಯ್ತು" ಅಂತ ಅದೇ ತೋರಿಸುತ್ತೆ.

ನಾನು: ಗಿಟ್‌ಲ್ಯಾಬ್ ಅಂತ ಕಂಪನಿ ಇದೆ, ಸಾಫ್ಟ್‌ವೇರ್‌ನವರ ಕೋಡ್ ಕಾಯೋದೇ ಅವರ ಕಸುಬು. 2017ರ ಜನವರಿ 31ಕ್ಕೆ ಅವರ ಇಂಜಿನಿಯರ್ ಒಬ್ಬರು ಡೇಟಾಬೇಸ್ ಫೋಲ್ಡರನ್ನ ತಪ್ಪಾದ ಸರ್ವರಲ್ಲಿ ಅಳಿಸಿಬಿಟ್ರು. ತಡೆಯೋ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ಬ್ಯಾಕಪ್ ವ್ಯವಸ್ಥೆ ಒಂದಲ್ಲ, ಐದು ಇತ್ತು. ಪ್ರತಿಗಳು ಇರಬೇಕಾದ ಜಾಗ ತೆರೆದು ನೋಡಿದ್ರೆ ಖಾಲಿ. ಬ್ಯಾಕಪ್ ತೆಗೆಯೋ ಪ್ರೋಗ್ರಾಂ ಡೇಟಾಬೇಸ್‌ಗಿಂತ ಹಳೇ ಆವೃತ್ತಿದು, ಹಾಗಾಗಿ ಪ್ರತಿ ಸಲ ಕೆಡ್ತಿತ್ತು. ಕೆಟ್ಟಿದೆ ಅಂತ ಹೇಳೋ ಮೇಲ್ ಕೂಡ ಯಾರಿಗೂ ತಲುಪ್ತಿರಲಿಲ್ಲ. ಕೊನೆಗೆ ಕಾಪಾಡಿದ್ದು ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆ ಅಂತ ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಇದನ್ನೆಲ್ಲ ಅವರೇ ಮುಚ್ಚುಮರೆ ಇಲ್ಲದೆ ಬರೆದು ಪ್ರಕಟಿಸಿದ್ರು, ಅದಕ್ಕೆ ಅವರ ಮೇಲೆ ನನಗೆ ಗೌರವ. ಅಂಥವರಿಗೇ ಹೀಗಾಗುತ್ತೆ ಅಂದ್ಮೇಲೆ, ನಮ್ಮ ಗುಮಾಸ್ತನ ಒಂದು ಪೆನ್ ಡ್ರೈವ್ ಮೇಲೆ ಅಷ್ಟೂ ರೈತರ ದುಡ್ಡಿನ ಲೆಕ್ಕ ಬಿಟ್ಟಿರೋದು ನನಗೆ ಸರಿ ಕಾಣಲ್ಲ.

ಸೋದರಮಾವ: ಇದು ಯೋಚನೆ ಮಾಡೋ ಮಾತೇ.

ಚಿಕ್ಕಪ್ಪ: ಅಲ್ಲಮ್ಮ, ರಿಸ್ಟೋರ್ ಅಂತ ಒತ್ತಿ ಇರೋ ಲೆಕ್ಕನೇ ಅಳಿಸಿಹೋದ್ರೆ?

ನಾನು: ಈ ಭಯ ನ್ಯಾಯವಾದದ್ದೇ. ಮಂಡಿ ಕಂಪ್ಯೂಟರಲ್ಲಿ ಯಾರೂ ಮಾಡಬೇಡಿ, ಅದೇ ಫೋಲ್ಡರ್‌ಗೆ ರಿಸ್ಟೋರ್ ಮಾಡಿದ್ರೆ ಹೊಸದರ ಮೇಲೆ ಹಳೇದು ಕೂತ್ಕೊಳ್ಳುತ್ತೆ. ಮನೇಲಿ ಹಳೇ ಲ್ಯಾಪ್‌ಟಾಪ್ ಇದೆಯಲ್ಲ, ಅದರಲ್ಲಿ ಬೇರೆ ಫೋಲ್ಡರ್ ಮಾಡಿ ಅಲ್ಲಿಗೆ ತನ್ನಿ. ಟ್ಯಾಲಿ ಆವೃತ್ತಿ ಎರಡೂ ಕಡೆ ಒಂದೇ ಇರಲಿ.

ಅತ್ತಿಗೆ: ಭಾನುವಾರ ನಾನು ಮಾಡ್ತೀನಿ. ಯಾವುದಾದ್ರೂ ನಾಲ್ಕು ರೈತರ ಖಾತೆ ತೆಗೆದು ಮಂಡಿಯ ಪ್ರಿಂಟ್ ಜೊತೆ ತಾಳೆ ನೋಡ್ತೀನಿ.

(ಭಾನುವಾರ)

ಅತ್ತಿಗೆ: ಫೈಲ್ ಚೆನ್ನಾಗಿದೆ, ರಿಸ್ಟೋರ್ ಆಯ್ತು. ಆದ್ರೆ ಟ್ಯಾಲಿಯಲ್ಲಿ ನಮ್ಮ ಮಂಡಿ ಲೆಕ್ಕ ತೆರೆಯೋಕೆ ಹೋದ್ರೆ ಟ್ಯಾಲಿವಾಲ್ಟ್ (ಲೆಕ್ಕಕ್ಕೆ ಹಾಕಿರೋ ಬೀಗ) ಪಾಸ್‌ವರ್ಡ್ ಕೇಳ್ತಿದೆ. ಇವರಿಗೂ ಗೊತ್ತಿಲ್ಲ, ಗುಮಾಸ್ತನಿಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ನೀವೇ ತೆರೆದು ಕೊಡ್ತೀರಂತೆ. ಚಿಕ್ಕ ಮಾವ, ನಿಮ್ಮ ಫೋನ್ ಬೆಳಿಗ್ಗೆಯಿಂದ ಸಿಗ್ತಿಲ್ಲ.

ಚಿಕ್ಕಪ್ಪ: ಧರ್ಮಸ್ಥಳದಲ್ಲಿದ್ದೆ, ಈಗ ಘಾಟಿ ಹತ್ತಿದ್ವಿ. ಪಾಸ್‌ವರ್ಡ್ ನನ್ನ ತಲೇಲಿದೆ. ಇಲ್ಲಿ ಬರೆಯಲ್ಲ, ಫೋನ್ ಮಾಡ್ತೀನಿ.

ನಾನು: ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ. ಆ ಪಾಸ್‌ವರ್ಡ್ ಮರೆತ್ರೆ ಟ್ಯಾಲಿ ಕಂಪನಿಯವರೂ ತೆಗೆದುಕೊಡಕ್ಕಾಗಲ್ಲ. ನಿಮಗೆ ಜ್ವರ ಬಂದು ಮಲಗಿದ್ರೂ ಮಂಡಿ ನಿಲ್ಲುತ್ತೆ. ಪಾಸ್‌ವರ್ಡ್, ಟ್ಯಾಲಿ ಸೀರಿಯಲ್ ನಂಬರ್, ಯಾರಿಗೆ ಫೋನ್ ಮಾಡಬೇಕು ಅನ್ನೋದನ್ನ ಒಂದು ಹಾಳೇಲಿ ಬರೆದು ಲಕೋಟೆ ಅಂಟಿಸಿ ಚಿಕ್ಕಮ್ಮನ ಬೀರುವಿನಲ್ಲಿ ಇಡಿ. ಬ್ಯಾಕಪ್‌ನ ಒಂದು ಪ್ರತಿ ಮಂಡಿಯಿಂದ ಹೊರಗಿರಲಿ, ಇನ್ನೊಂದು ದುಡ್ಡು ಕಟ್ಟಿ ಕ್ಲೌಡ್‌ನಲ್ಲಿ, ಅಂದ್ರೆ ಇಂಟರ್ನೆಟ್ ಮೇಲೆ ಬೇರೆ ಕಂಪನಿಯವರ ಹತ್ರ, ಇರಲಿ.

ಚಿಕ್ಕಪ್ಪ: ಲಕೋಟೆಗೆ ಒಪ್ಪಿದೆ. ದಿನ ಬಿಟ್ಟು ದಿನ ಮನೆಗೆ ಒಯ್ಯೋಕೆ ಎರಡು ಹಾರ್ಡ್ ಡಿಸ್ಕೂ ತರಿಸು, ಒಂದು ಮಂಡಿಗೆ ಬಂದಾಗ ಇನ್ನೊಂದು ಮನೇಲಿರಲಿ. ಕ್ಲೌಡ್‌ಗೆ ದುಡ್ಡು ಕಟ್ಟಿ ನಮ್ಮ ವ್ಯವಹಾರನೆಲ್ಲ ಹೊರಗಿನವರ ಹತ್ರ ಇಡೋದಕ್ಕೆ ಮಾತ್ರ ನನ್ನ ಮನಸ್ಸು ಇನ್ನೂ ಒಪ್ತಿಲ್ಲ.

ನಾನು: ಮಂಡಿ, ಮನೆ ಎರಡೂ ಒಂದೇ ಬೀದಿ ಚಿಕ್ಕಪ್ಪ. ಫೈಲಿಗೆ ನಮ್ಮದೇ ಬೀಗ ಹಾಕಿ ಕಳಿಸೋಣ, ಅವರಿಗೆ ಓದಕ್ಕಾಗಲ್ಲ.

ಚಿಕ್ಕಪ್ಪ: ಹಬ್ಬಕ್ಕೆ ಬಂದಾಗ ಕೂತು ತೋರಿಸು. ನೋಡಿ ಹೇಳ್ತೀನಿ.

ಅತ್ತಿಗೆ: ಪಾಸ್‌ವರ್ಡ್ ಸಿಕ್ತು, ತೆರೀತು. ನಾಲ್ಕೂ ಖಾತೆ ತಾಳೆ ಆಯ್ತು. ಮುಂದಿನ ತಿಂಗಳು ಮೊದಲ ಭಾನುವಾರ ಮತ್ತೆ ಮಾಡ್ತೀನಿ, ಆಗ ಗುಮಾಸ್ತನನ್ನೂ ಕೂರಿಸ್ಕೋತೀನಿ.