ಮೂಲ ಎಲ್ಲಿದೆ?

ಬೆಳಿಗ್ಗೆ ಆರೂ ಮುಕ್ಕಾಲಿಗೆ ದೊಡ್ಡಪ್ಪ ಮನೆ ಗುಂಪಿಗೆ ಒಂದು ಫೋಟೋ ಹಾಕಿದರು. ನೀಲಿ ಜೆರ್ಸಿಯ ಹುಡುಗಿ, ಕೆಳಗೆ ದಪ್ಪಕ್ಷರ: 'ಬ್ರೆಜಿಲ್ ಸೊಕ್ಕು ಮುರಿದ ಪಂಜಾಬಿನ ಹಳ್ಳಿ ಹುಡುಗಿ ಮನೀಷಾ ಕಲ್ಯಾಣ್! ಯಾವ ಟಿವಿಯೂ ತೋರಿಸಲ್ಲ. ಹತ್ತು ಜನಕ್ಕೆ ಕಳಿಸಿ.' ಜೊತೆಗೆ ಅವರದೇ ಒಂದು ಸಾಲು: 'ಸದಾ ಮೊಬೈಲ್ ಹಿಡಿದು ಕೂರುವ ನಮ್ಮನೆ ಮಕ್ಕಳು ಓದಲಿ.' ಮೊಬೈಲಿನಲ್ಲೇ ಓದಬೇಕು, ಇನ್ನೆಲ್ಲಿ?

ಹತ್ತು ನಿಮಿಷದಲ್ಲಿ ಹನ್ನೊಂದು ಕೈಮುಗಿದ ಚಿತ್ರಗಳು ಬಂದವು. ಓದಿದ್ದು ಭಾವ ಒಬ್ಬರೇ. 'ಮೂಲ ಎಲ್ಲಿದೆ?' ಎಂದರು. ಮದುವೆ ಕರೆಯೋಲೆಗೂ ಮೂಲ ಕೇಳುವ ಮನುಷ್ಯ ಅವರು.

'ಫುಟ್‌ಬಾಲ್ ಪಂದ್ಯ ನಡೆದದ್ದು 2021ರ ನವೆಂಬರ್ 25, ಬ್ರೆಜಿಲಿನ ಮನಾಸ್‌ನಲ್ಲಿ. ಬ್ರೆಜಿಲ್ 6, ನಾವು 1. ಸೊಕ್ಕು ಎಲ್ಲಿ ಮುರಿಯಿತು?'

'ಆ ಒಂದು ಹೊಡೆದದ್ದು ಯಾರು?' ಎಂದರು ದೊಡ್ಡಪ್ಪ.

'ಮನೀಷಾ.'

'ಮತ್ತೆ?'

ಸುಮ್ನಿರಲಾರದೆ ನಾನೂ ಬಾಯಿ ಹಾಕಿದೆ. ಮೊದಲ ನಿಮಿಷದಲ್ಲೇ ಗೋಲು ತಿಂದು, ಎಂಟನೇ ನಿಮಿಷಕ್ಕೆ ಈ ಹುಡುಗಿ ಸಮ ಮಾಡಿದ್ದಳು. ಇಪ್ಪತ್ತು ತುಂಬಲು ಇನ್ನೂ ಎರಡು ದಿನ ಬಾಕಿ ಇತ್ತು. ಸುಳ್ಳಿಗಿಂತ ನಿಜವೇ ಚೆನ್ನಾಗಿದೆ ಅಲ್ವಾ ಎಂದು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ಗೋಕುಲಂ ಕೇರಳ ಕ್ಲಬ್ ತಂಡದಲ್ಲಿ ಅವಳು ಭಾರತದ ಮಹಿಳಾ ಲೀಗ್ ಗೆದ್ದದ್ದು 2020ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ, ಫೈನಲ್ 3-2, ಯಾರಾದರೂ ನೋಡೋಕೆ ಹೋಗಿದ್ರಾ ಎಂದೂ ಕೇಳಿದೆ. 'ಯಾರೂ ಹೇಳಲೇ ಇಲ್ಲವಲ್ಲ' ಎಂದು ದೊಡ್ಡಪ್ಪ ನನ್ನ ಮೇಲೇ ಹಾಕಿದರು.

ನಾನು ಮಾಡಿದ ತಪ್ಪು ಮುಂದಿನದು. ಹೋಶಿಯಾರ್‌ಪುರ ಜಿಲ್ಲೆಯ ಈ ಹುಡುಗಿ ಮೊದಲು ಓಟಗಾರ್ತಿ, ಫುಟ್‌ಬಾಲ್‌ಗೆ ಬಂದದ್ದು ಆಮೇಲೆ ಎಂದು ಬರೆದೆ.

ಚಿಕ್ಕಮ್ಮ ಎದ್ದು ಕೂತರು. 'ನಾನೂ ಇನ್ನೂರು ಮೀಟರ್ ಓಡುತ್ತಿದ್ದೆ.' ಹಿಂದೆಯೇ ಒಂದು ಸರ್ಟಿಫಿಕೇಟಿನ ಫೋಟೋ ಬಂತು, ಮಡಿಕೆ ಬಿದ್ದಲ್ಲಿ ಹರಿದು ಟೇಪು ಹಚ್ಚಿದ್ದು. ಶುರುವಾಯಿತು ನೋಡಿ. ಬರಿಗಾಲು, ಸುಣ್ಣದ ಗೆರೆ, ಅಜ್ಜಿ ಕಟ್ಟಿಕೊಟ್ಟ ಬುತ್ತಿ. ನಲವತ್ತು ಮೆಸೇಜು. ಅಕ್ಕ ಯಾರದೋ ಎರಡು ಜಡೆಯ ಫೋಟೋ ಹಾಕಿ 'ಇದು ಯಾರು ಹೇಳಿ' ಎಂದಳು. ಮನೀಷಾ ಮೇಲೆಲ್ಲೋ ಕಳೆದುಹೋದಳು.

ಆ ನಡುವೆ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಹಾಕಿದೆ. 2022ರ ಆಗಸ್ಟ್ 16ಕ್ಕೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಭಾರತದ ಫುಟ್‌ಬಾಲ್ ಫೆಡರೇಷನ್ನನ್ನೇ ಅಮಾನತು ಮಾಡಿತು. ಭಾರತದ ಕ್ಲಬ್‌ಗಳು ಹೊರದೇಶದ ಪಂದ್ಯ ಆಡುವಂತಿಲ್ಲ ಎಂದಾಯಿತು. ಏಷ್ಯಾದ ಕ್ಲಬ್ ಪಂದ್ಯಾವಳಿಗೆ ಹೋಗಿದ್ದ ಗೋಕುಲಂ ಹುಡುಗಿಯರು ಉಜ್ಬೇಕಿಸ್ತಾನದ ತಾಷ್ಕೆಂಟ್‌ನಲ್ಲಿ ಆಡಲಾಗದೆ ಕೂತರು. ಅಷ್ಟರಲ್ಲಿ ಮನೀಷಾ ಸೈಪ್ರಸ್‌ನ ಅಪೊಲೊನ್ ಕ್ಲಬ್ ಸೇರಿಯಾಗಿತ್ತು. ಎರಡೇ ದಿನಕ್ಕೆ, 18ರಂದು, ಲಾಟ್ವಿಯಾದ ರೀಗಾ ತಂಡದ ಎದುರು ಬದಲಿ ಆಟಗಾರ್ತಿಯಾಗಿ ಇಳಿದಳು. ಯುರೋಪಿನ ಕ್ಲಬ್‌ಗಳ ಮಹಿಳೆಯರ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳು. ಇದಕ್ಕೆ ಬಂದದ್ದು ಒಂದು ಹೆಬ್ಬೆರಳು. ಅದೂ ಅಕ್ಕನ ಮೂರು ವರ್ಷದ ಮಗ ಒತ್ತಿದ್ದಂತೆ.

ದೊಡ್ಡಪ್ಪ ಮತ್ತೆ ಬಂದರು. 'ನೋಡಿ, ತಂದೆತಾಯಿ ಬೆನ್ನಿಗೆ ನಿಂತರೆ ಹೆಣ್ಣುಮಕ್ಕಳು ಎಲ್ಲಿಗೆ ಬೇಕಾದರೂ ಹೋಗುತ್ತಾರೆ.'

ಚಿಕ್ಕಮ್ಮ 'ಟೈಪ್ ಮಾಡುತ್ತಿದ್ದಾರೆ' ಎಂದು ಬಹಳ ಹೊತ್ತು ತೋರಿಸಿತು. ಕೊನೆಗೆ ಬಂದದ್ದು ಮೂರು ಸಾಲು. 'ಅಣ್ಣಾ, ಜಿಲ್ಲಾ ಮಟ್ಟಕ್ಕೆ ಕಳಿಸಿ ಎಂದು ಪಿ.ಟಿ. ಮೇಷ್ಟ್ರು ಮನೆಗೆ ಬಂದಿದ್ದರು. ಅಪ್ಪ ಹೂಂ ಅಂದಿದ್ದರು. ಚಡ್ಡಿ ಹಾಕಿಕೊಂಡು ಊರ ಮುಂದೆ ಓಡ್ತಾಳಾ ಅಂದದ್ದು ನೀನು.'

ಎರಡು ನೀಲಿ ಗೀಟು ಬಿದ್ದವು. ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ಕೈಮುಗಿದ ಚಿತ್ರಗಳೂ ಇಲ್ಲ.

ಆಮೇಲೆ ಭಾವ ಬಂದರು. 'ಚಿಕ್ಕಮ್ಮಾ, ಆ ಸರ್ಟಿಫಿಕೇಟಿನಲ್ಲಿ ವರ್ಷ ತಿದ್ದಿದ ಹಾಗಿದೆ. ಮೂಲ ಪ್ರತಿ ಇದೆಯಾ?'