ಬೀಗರಿಗೆ ಬೀದರ್ ಸೀಮೆ ತೋರಿಸೋದು ಯಾವಾಗ: ಶ್ರಾವಣದಾಗೋ, ಎಳ್ಳಮಾಸಿಗೋ?

ಜೇವರ್ಗಿ ಕ್ರಾಸ್:
ಮೈಸೂರು ಕಡಿ ಬೀಗರು ಏಳು ಮಂದಿ ಬರೋರಿದ್ದಾರ. ಇಬ್ಬರು ಎಪ್ಪತ್ತು ದಾಟಿದವರು, ಒಂದು ಸಣ್ಣ ಕೂಸು. ಕಲಬುರಗಿ ಕೋಟಿ, ಬಂದೇನವಾಜ ದರ್ಗಾ, ಶರಣಬಸವೇಶ್ವರ ಗುಡಿ ಮನಿಯಿಂದಾನೇ ಆಗ್ತಾವ. ಉಳಿದ ಎರಡು ದಿನ ಬೀದರ್ ಸೀಮೆ: ತೋಟ, ಹೊಲ, ಹಳೇ ಕಟ್ಟಡ, ನಮ್ಮ ಕಡಿ ಊಟ. ಯಾವಾಗ ಕರೀಬೇಕು?

ಗುಂಪಾ ರಸ್ತೆ:
ಶ್ರಾವಣ ಇಲ್ಲಾಂದ್ರ ಭಾದ್ರಪದ, ಅಣ್ಣಾರ. ಬೀದರ್ ಊರು ಸಮುದ್ರ ಮಟ್ಟದಿಂದ ಸುಮಾರು 660 ಮೀಟರ್ ಎತ್ತರದಾಗ, ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮ್ಯಾಲ ಅದ. ಮಳಿ ನೀರು ಕೆಳಗ ಇಳಿದು ಹೋಗ್ತದ, ನೆಲ ಲಗೂ ಆರ್ತದ. ಕೋಟಿ ಒಳಗಿನ ಲಾಲ್ ಬಾಗ್, ಉದಗೀರ್ ರಸ್ತೆಯ ಬರೀದ್ ಶಾಹಿ ಉದ್ಯಾನ, ಹೈದರಾಬಾದ್ ರಸ್ತೆಯ ದೇವದೇವ ವನ, ಮೂರೂ ಆಗ ಹಸರು. ಚಳಿಗಾಲದಾಗ ಬಂದವರು ಒಣ ಹುಲ್ಲು ನೋಡಿ ಹೋಗ್ತಾರ.

ಹುಮನಾಬಾದ್ ಹೊಲ:
ಬೀದರ್ ಊರಿನ ಮಟ್ಟಿಗೆ ನೀವು ಹೇಳೋದು ಖರೆ. ಆದ್ರ ಕೇಳಿದವರು ಹೊಲಾನೂ ತೋರಿಸಬೇಕಂತಾರ. ಹುಮನಾಬಾದ್ ಕಡಿ, ಕಲಬುರಗಿ ಕಡಿ ಇರೋದು ಎರಿ ಭೂಮಿ, ಅಂದ್ರ ಕಪ್ಪು ಮಣ್ಣು. ಮಳಿ ಬಿದ್ರ ಕಾಲಿಗೆ ಎರಿ ಹತ್ತಿ ಒಂದೊಂದು ಹೆಜ್ಜಿ ಕಿತ್ತು ಇಡಬೇಕು, ಕಾರು ಬದುವಿನ ಹಾದಿಗೆ ಇಳಿದ್ರ ಟ್ರ್ಯಾಕ್ಟರೇ ಎಳೀಬೇಕು. ಎಪ್ಪತ್ತರ ಹಿರಿಯರನ್ನ ಕರ್ಕೊಂಡು ಅದಾಗಂಗಿಲ್ಲ.

ಇನ್ನೊಂದು ಮಾತು. ಹಿಂಗಾರಿ ಜೋಳ ಬಿತ್ತೋದೇ ಸೆಪ್ಟೆಂಬರ್-ಅಕ್ಟೋಬರ್‌ದಾಗ. ಶ್ರಾವಣದಾಗ ಬಂದವರಿಗೆ ಆ ಜೋಳದ ಹೊಲ ಕಾಣಂಗೇ ಇಲ್ಲ. ಎಳ್ಳಮಾಸಿ (ಡಿಸೆಂಬರ್-ಜನವರಿದಾಗ ಬರೋ ಎಳ್ಳ ಅಮವಾಸಿ) ಹೊತ್ತಿಗೆ ಜೋಳ ಆಳೆತ್ತರ ಇರ್ತದ, ತೊಗರಿ ಕಾಯಿ ತುಂಬಿರ್ತದ, ಕಡ್ಲಿ ಹಸಿ ಇರ್ತದ. ನಮ್ಮ ಸೀಮೆಗೆ ತೋಟ ಅಂದ್ರ ಇದೇ ತೋಟ.

ಚಂದ್ರಂಪಳ್ಳಿ:
ನಡುವೆ ಒಂದು ಮಾತು. ನೀರು ಬೇಕಾದವರು ಚಿಂಚೋಳಿಗೆ ಹೋಗಲಿ. 2011ರಲ್ಲಿ ವನ್ಯಜೀವಿ ಧಾಮವಾದ ಕಾಡು, ಚಂದ್ರಂಪಳ್ಳಿ ಕೆರೆ, ಎತ್ತಿಪೋತ ಜಲಪಾತ. ಜಲಪಾತಕ್ಕೆ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಹೋಗಬೇಕು. ಡಿಸೆಂಬರ್‌ಗೆ ಬಂದರೆ ಬಂಡೆ ಮಾತ್ರ ಕಾಣುತ್ತದೆ. ಆದರೆ ಎರಡೇ ದಿನದಲ್ಲಿ ಬೀದರ್ ಜೊತೆ ಇದನ್ನೂ ತುರುಕಬೇಡಿ, ದಿನವೆಲ್ಲ ಗಾಡಿಯಲ್ಲೇ ಕಳೆಯುತ್ತದೆ.

ಜೇವರ್ಗಿ ಕ್ರಾಸ್:
ಎಳ್ಳಮಾಸಿ ದಿನಾನೇ ಬಂದ್ರ ಹೆಂಗ? ಹೊಟೇಲು ಸಿಗ್ತಾವೇನು?

ಸಜ್ಜಿ ರೊಟ್ಟಿ:
ತಮ್ಮಾ, ಅವತ್ತು ಊರಾಗ ಮಂದಿನೇ ಇರಂಗಿಲ್ಲ. ಅಂಗಡಿ, ಖಾನಾವಳಿ ಬಹಳಷ್ಟು ಮುಚ್ಚಿರ್ತಾವ, ಎಲ್ಲಾರೂ ಹೊಲಕ್ಕ. ಹೊಲ ಇದ್ದ ಯಾರರೆ ಮೊದಲೇ ಕರೆದಿದ್ರ ಮಾತ್ರ ಬರ್ರಿ. ಕರೆದಿದ್ರ ಅದಕ್ಕಿಂತ ಚಲೋ ದಿನ ಇಲ್ಲ. ಜೋಳದ ನಡುವ ಐದು ಕಲ್ಲು ಪಾಂಡವರಂತ ಇಟ್ಟು ಪೂಜಿ ಮಾಡ್ತಾರ. ಆಮ್ಯಾಲ ಚರಗ ಚೆಲ್ಲೋದು: ಬಜ್ಜಿ, ಕಡುಬು ಕಲಸಿದ್ದನ್ನ ಒಬ್ಬರು ಬೆಳಿಗೆ ಚೆಲ್ಲಕೋತ ಹೋಗ್ತಾರ, ಹಿಂದ ಒಬ್ಬರು ನೀರು ಚಿಮುಕಿಸ್ತಾರ. ಚರಗ ಮುಗಿಯೋ ತನಕ ಊಟಕ್ಕ ಕೂಡಂಗಿಲ್ಲ, ಅದನ್ನ ಬೀಗರಿಗೆ ಮೊದಲೇ ಹೇಳ್ರಿ. ಕೂಸಿಗೆ ತಿನ್ನಲಿಕ್ಕೆ ಏನರೆ ಕಟ್ಟಿಕೊಂಡಿರ್ರಿ.

ಬಜ್ಜಿ ಅಂದ್ರ ಮೈಸೂರವರು ಎಣ್ಣ್ಯಾಗ ಕರಿದದ್ದು ಅನ್ಕೋತಾರ. ಇದು ಕಾಳು-ಪಲ್ಯದ್ದು. ಹನ್ನೆರಡು ಮಂದಿಗೆ ಹಸಿ ತೊಗರಿಕಾಳು, ಬಟಾಣಿ, ಅವರಿಕಾಳು ತಲಾ ಅರ್ಧ ಕಿಲೋ, ಹಸಿ ಕಡ್ಲಿ ಪಾವ್ ಕಿಲೋ, ರಾತ್ರಿ ನೆನಸಿದ ಶೇಂಗಾ ಪಾವ್ ಕಿಲೋ. ಮೆಂತಿ, ಪಾಲಕ, ಉಳ್ಳಾಗಡ್ಡಿ ತಪ್ಪಲ ಎರಡೆರಡು ಸಿವುಡು, ಎರಡು ಬದನಿಕಾಯಿ, ಎರಡು ಗಜ್ಜರಿ. ಮೊದಲು ಶೇಂಗಾ, ಕಾಳು ಪೂರ್ತಿ ಕುದಿಬೇಕು, ಆಮ್ಯಾಲ ಕಾಯಿಪಲ್ಯ, ಕಡೀಗೆ ತಪ್ಪಲ. ಹಸಿ ಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗಿ ಕುಟ್ಟಿ ಹಾಕೋದು. ಕಡ್ಲಿ ಹಿಟ್ಟು ಒಂದೂವರಿ ವಾಟಗಿ ಸಾಕು, ತಣ್ಣೀರಿನಾಗ ಗಂಟಿಲ್ಲದಂಗ ಕಲಸಿ ಒಂದು ಕೈಲೆ ಹುಯ್ಯಕೋತ ಇನ್ನೊಂದು ಕೈಲೆ ತಿರುವಬೇಕು. ಬಿಸಿ ಬಜ್ಜಿಗೆ ಒಣ ಹಿಟ್ಟು ಉದುರಿಸಿದ್ರ ಗಂಟಾಗ್ತದ, ಹಿಟ್ಟು ಹಾಕಿ ಬಿಟ್ಟು ಹೋದ್ರ ತಳ ಹತ್ತಿ ಕಮರು ವಾಸನಿ ಬರ್ತದ. ಹುಣಸಿ ರಸ ಎಲ್ಲಾದಕ್ಕಿಂತ ಹಿಂದ. ಹುಳಿ ಮೊದಲು ಬಿದ್ರ ಕಾಳು ಎಷ್ಟು ಕುದಿಸಿದ್ರೂ ಮೆತ್ತಗಾಗಂಗಿಲ್ಲ.

ಗುಂಪಾ ರಸ್ತೆ:
ಅಕ್ಕಾರ, ಹುಣಸಿ ಬದಲಿ ಮಜ್ಜಿಗಿ ಹಾಕೋ ಮನಿಗಳೂ ಅವ.

ಸಜ್ಜಿ ರೊಟ್ಟಿ:
ಹಾಕ್ತಾರ. ಆದ್ರ ಹೊಲಕ್ಕ ಹೊತ್ಕೊಂಡು ಹೋಗೋ ಬಜ್ಜಿಗೆ ಹುಣಸಿನೇ ಚಲೋ, ಮಧ್ಯಾಹ್ನದ ಮಟ ಒಡೆಯಂಗಿಲ್ಲ. ಮಜ್ಜಿಗಿ ಅಂಬಲಿಗೆ ಇಡ್ರಿ. ಮತ್ತ ರೊಟ್ಟಿಗೆ ಸಜ್ಜಿ ಹಿಟ್ಟು ಹಿಂದಿನ ದಿನ ಗಿರಣಿಗೆ ಹಾಕಿಸ್ರಿ. ಆ ಹಿಟ್ಟಿನಾಗ ಎಣ್ಣಿ ಅಂಶ ಜಾಸ್ತಿ, ವಾರ ಇಟ್ರ ಕಹಿ ಆಗ್ತದ, ಎಷ್ಟು ಎಳ್ಳು ಹಚ್ಚಿದ್ರೂ ಆ ಕಹಿ ಮುಚ್ಚಂಗಿಲ್ಲ.

ಹುಮನಾಬಾದ್ ಹೊಲ:
ಕರೆಯೋರು ಇಲ್ಲದವರಿಗೆ ಸಂಕ್ರಾಂತಿ ಆದ ಮ್ಯಾಲಿನ ಎರಡು ಮೂರು ವಾರ ಇನ್ನೂ ಚಲೋ. ಸೀತನಿ ಕಾಲ, ಅಂದ್ರ ಹಸಿ ಜೋಳದ ತೆನಿ ಸುಟ್ಟು ತಿನ್ನೋ ಕಾಲ. ಎಳ್ಳಮಾಸಿಗೆ ತೆನಿ ಎಳೇದು ಇರ್ತದ, ಹಾಲು ಗಟ್ಟಿ ಆಗಿರಂಗಿಲ್ಲ. ಕಾಳಿಗೆ ಉಗುರು ಒತ್ತಿ ನೋಡ್ರಿ: ಹಾಲು ಚಿಮ್ಮಿದ್ರ ಇನ್ನೂ ಆಗಿಲ್ಲ, ಉಗುರು ಇಳೀದಿದ್ರ ಕಾಲ ಮೀರಿತು, ಕಣಕದಂಗ ಒತ್ತಿದ್ರ ಅದೇ ಹದ. ಕುಳ್ಳು ಉರಿದು ಕೆಂಡ ಆದ ಮ್ಯಾಲ ಬಿಸಿ ಬೂದಿ ಒಳಗ ತೆನಿ ಮುಚ್ಚಬೇಕು. ಉರಿ ಮ್ಯಾಲ ಹಿಡಿದ್ರ ಹೊರಗ ಕರ್ರಗ, ಒಳಗ ಹಸಿ. ಬಿಸಿ ಇದ್ದಾಗಲೇ ಗೋಣಿ ತಟ್ಟಿನಾಗ ತಿಕ್ಕಿ ಕೇರಿ, ಶೇಂಗಾ ಹಿಂಡಿ (ಚಟ್ನಿಪುಡಿ), ಬೆಲ್ಲ, ಮೊಸರು ಜೋಡಿ ತಿನ್ನೋದು. ಆರಿದ್ರ ಹೊಟ್ಟು ಬಿಡಂಗಿಲ್ಲ. ಸೀತನಿಗಂತಲೇ ಸಿಹಿ ಜೋಳ ಬ್ಯಾರೆ ಬಿತ್ತಿರ್ತಾರ. ಯಾರದೇ ಹೊಲದಾಗ ಕೇಳದೇ ತೆನಿ ಮುರಿಬ್ಯಾಡ್ರಿ.

ನೌಬಾದ್ ಸುರಂಗ:
ಊಟದ ಮಾತಾಯಿತು, ಕಟ್ಟಡಗಳ ಕ್ರಮ ಹೇಳುತ್ತೇನೆ. ಬೀದರಿಗೆ ಬಂದವರು ಹೆಚ್ಚಾಗಿ ತಪ್ಪುವುದು ಇಲ್ಲೇ. ಕೋಟೆಗೆ ಬೆಳಿಗ್ಗೆಯೇ ಹೋಗಿ. ರಂಗೀನ್ ಮಹಲಿಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ. ಕೋಟೆಯೊಳಗಿನ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿದರೆ ತೆಗೆಯುತ್ತಾರೆ, ಕೇಳದವರು ಹೊರಗಿನ ಗೋಡೆ ನೋಡಿ ಹಿಂತಿರುಗುತ್ತಾರೆ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಬಳ್ಳಿ ಇರುವುದು ಒಳಗೆ. ನೇರ ನಿಂತು ನೋಡಿದರೆ ಬೆಳ್ಳಗೆ ಕಾಣುತ್ತದೆ, ಸ್ವಲ್ಪ ಪಕ್ಕಕ್ಕೆ ಸರಿದರೆ ಅದೇ ಚಿಪ್ಪಿನಲ್ಲಿ ಹಸಿರು, ಗುಲಾಬಿ ಹೊಳೆಯುತ್ತದೆ. ಶುಕ್ರವಾರ ಬೇಡ, ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ.

ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ದೊರೆ ಅಹಮದ್ ಶಾ ವಲಿ ಗೋರಿಯೊಳಗೆ ಚಾವಣಿಯ ಬಣ್ಣ ಕಾಣಲು ಟಾರ್ಚ್ ಬೇಕು, ಫ್ಲ್ಯಾಶ್ ಹಾಕಬೇಡಿ. ಇದೇ ದೊರೆಯನ್ನು ಅಲ್ಲಮಪ್ರಭುವಿನ ರೂಪವೆಂದು ನಂಬುವ ಲಿಂಗಾಯತ ಭಕ್ತರಿದ್ದಾರೆ. ಹೋಳಿಯ ನಂತರದ ಉರುಸಿಗೆ ಆಳಂದ ಕಡೆಯ ಮಾದ್ಯಾಳದಿಂದ ಜಂಗಮರು ಬರುತ್ತಾರೆ. ಇದನ್ನು ಬೀಗರಿಗೆ ಅಲ್ಲೇ ನಿಂತು ಹೇಳಿ. ಸಂಜೆಗೆ ಬರೀದ್ ಶಾಹಿ ಉದ್ಯಾನ ಇಟ್ಟುಕೊಳ್ಳಿ. ಅಲ್ಲಿರುವ ಬರೀದ್ ಶಾಹಿ ದೊರೆ ಅಲಿ ಬರೀದನ ಗೋರಿ ನಾಲ್ಕೂ ಕಡೆ ತೆರೆದ ಕಮಾನಿನದು, ಇಳಿಬಿಸಿಲು ಒಳಗೆ ಬರುತ್ತದೆ, ಹಿರಿಯರು ಕೂರಲು ನೆರಳೂ ಇದೆ.

ಜೇವರ್ಗಿ ಕ್ರಾಸ್:
ಸುರಂಗ ಬಾವಿ ಬಿಟ್ಟಿರಲ್ಲ ಸರ? ನಿಮ್ಮ ಹೆಸರಿನಾಗೇ ಅದ.

ನೌಬಾದ್ ಸುರಂಗ:
ಹಿರಿಯರಿಗೆ ಅಂಚಿನಿಂದ ನೋಡಿದರೆ ಸಾಕೆಂದು ಬಿಟ್ಟಿದ್ದೆ. ಬಹಮನಿ ಕಾಲದ ಕರೇಜ್ ಅದು, ಅಂದರೆ ನೆಲದೊಳಗಿನ ನೀರಿನ ಸುರಂಗ. ಮೇಲಿನ ಜಂಬಿಟ್ಟಿಗೆ ಕಲ್ಲು ನೀರು ಹೀರುತ್ತದೆ, ಕೆಳಗಿನ ಗಟ್ಟಿ ಪದರ ಬಿಡುವುದಿಲ್ಲ. ಎರಡರ ಸಂದಿನಲ್ಲಿ ಜಿನುಗುವ ನೀರನ್ನು ಸಣ್ಣ ಇಳಿಜಾರಿನ ಸುರಂಗ ಹಿಡಿದು ಊರಿಗೆ ತರುತ್ತದೆ, ಯಂತ್ರ ಬೇಕಿಲ್ಲ. ಸಾಲಾಗಿ ಕಾಣುವ ಬಾವಿಗಳು ಗಾಳಿಗೆ ಮತ್ತು ಹೂಳೆತ್ತಲು. ಒಂದರಲ್ಲಿ ಕಸ, ಮಣ್ಣು ಸುರಿದರೆ ಕೆಳಗಿನ ಸುರಂಗ ಕಟ್ಟಿಕೊಂಡು ಮುಂದಿನದಕ್ಕೆಲ್ಲ ನೀರು ನಿಲ್ಲುತ್ತದೆ. ದಯವಿಟ್ಟು ಬಾಟಲಿ ಎಸೆಯದಂತೆ ನೋಡಿಕೊಳ್ಳಿ. ಕೂಸಿನ ಕೈ ಬಿಡಬೇಡಿ.

ಗುಂಪಾ ರಸ್ತೆ:
ನನ್ನ ಮಾತು ಇನ್ನೂ ಶ್ರಾವಣವೇ. ಸುರಂಗಕ್ಕ ನೀರು ಕೊಡೋ ಮಳಿ ಕಾಣದೇ ಬೀದರ್ ನೋಡಿದಂಗ ಆಗಂಗಿಲ್ಲ. ಆದ್ರ ಹೊಲದ ಊಟ ಬೇಕಂದ್ರ ಜನವರಿಗೆ ಒಪ್ಪತೀನಿ. ಬಿದರಿ ಸಾಮಾನು (ಕಪ್ಪು ಲೋಹದಾಗ ಬೆಳ್ಳಿ ಕೂಡಿಸಿದ್ದು) ತಗೋಳೋದಿದ್ರ ಬೆಳ್ಳಿ ತಂತಿ ಮ್ಯಾಲ ಬೆರಳಾಡಿಸಿ ನೋಡ್ರಿ, ಎದ್ದು ಹತ್ತಬಾರದು. ಕೋಟಿ ಮಣ್ಣು, ನವಸಾಗರ ಹಚ್ಚಿ ಕಪ್ಪು ಬರಿಸಿದ್ದು ಎಣ್ಣಿ ಅರಿವಿಲೆ ತಿಕ್ಕಿದ್ರ ಹೊಳಿತದ, ಬಣ್ಣ ಬಳಿದದ್ದು ಕೆರೆದ್ರ ಸಿಪ್ಪಿ ಏಳ್ತದ.

ಹುಮನಾಬಾದ್ ಹೊಲ:
ಹಂಗಾದ್ರ ಹಿಂಗ ಮಾಡ್ರಿ. ಮೊದಲನೇ ದಿನ ಬೀದರ್, ರಾತ್ರಿ ಅಲ್ಲೇ ವಸ್ತಿ. ಎರಡನೇ ದಿನ ವಾಪಸ್ ಹಾದ್ಯಾಗ ಹುಮನಾಬಾದ್ ಹತ್ರ ಜಲಸಂಗಿ ಗುಡಿ, ಗೋಡಿ ಮ್ಯಾಲ ಶಾಸನ ಬರೆಯೋ ಶಿಲಾಬಾಲಿಕೆ ಅದಾಳ. ಹೊಲಕ್ಕ ಹನ್ನೊಂದರೊಳಗ ಮುಟ್ರಿ, ಸೀತನಿ ಸುಡೋರಿಗೆ ಹಿಂದಿನ ದಿನವೇ ಮಂದಿ ಎಷ್ಟು ಅಂತ ಹೇಳಿರಬೇಕು, ತೆನಿ ಅವತ್ತು ಮುಂಜಾನೆ ಮುರೀತಾರ. 2017ರಿಂದ ಬೀದರ್–ಕಲಬುರಗಿ ರೈಲು ಅದ, ಆದ್ರ ಹೊಲಕ್ಕ ಹೋಗಲಿಕ್ಕೆ ಗಾಡಿನೇ ಬೇಕು. ಹಿರಿಯರಿಗೆ ಕೂಡಲಿಕ್ಕೆ ಎರಡು ಮಡಚು ಕುರ್ಚಿ ಡಿಕ್ಕ್ಯಾಗ ಹಾಕ್ಕೋರಿ.