ಪದಚರ್ಚೆ: ಶ್ವಾಸಕೋಶ ಕಸಿ – ‘ಡೋನರ್ ಸೂಟಬಿಲಿಟಿ’ಗೆ ಏನನ್ನೋಣ? (ತುರ್ತು)

ಬಳಗಕ್ಕೆ ನಮಸ್ಕಾರ. ಅಂಗದಾನಕ್ಕೆ ಒಪ್ಪಿದ ಮನೆಯವರಿಗೆ ಕೊಡುವ ನಾಲ್ಕು ಪುಟದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಮೂರನೇ ಪುಟದ ತಲೆಬರಹ ‘ಡೋನರ್ ಸೂಟಬಿಲಿಟಿ’. ‘ದಾನಿಯ ಅರ್ಹತೆ’ ಎಂದು ಹಾಕಿದ್ದೆ. ಅದರ ಕೆಳಗೇ ‘ಅನರ್ಹ ದಾನಿಗಳು’ ಎಂಬ ಪಟ್ಟಿ ಬಂದಾಗ ನನಗೇ ಕಸಿವಿಸಿಯಾಯಿತು. ವೆಂಟಿಲೇಟರ್ ಪಕ್ಕದಲ್ಲಿ ಕೂತ ತಾಯಿಗೆ ‘ನಿಮ್ಮ ಮಗ ಅನರ್ಹ’ ಎಂದಂತಾಗುವುದಿಲ್ಲವೇ? ‘ಮಾರ್ಜಿನಲ್ ಡೋನರ್’ಗೂ ಒಂದು ಪದ ಬೇಕು. ‘ಅಂಚಿನ ದಾನಿ’ ಬರೆದು ಹೊಡೆದುಹಾಕಿದೆ.
– ವಿ.

ಮೊದಲು ‘ಶ್ವಾಸಕೋಶ’ ಬಿಡಿ. ಉಸಿರುಚೀಲ ಎನ್ನಲು ಏನು ಅಡ್ಡಿ? ದಾನಿಗೆ ‘ಕೊಡುಗ’. ತಾಳು–ತಾಳ್ಮೆ, ಜಾಣ–ಜಾಣ್ಮೆ ಇದ್ದಂತೆ ತಕ್ಕ–ತಕ್ಕಮೆ. ‘ಕೊಡುಗನ ತಕ್ಕಮೆ’. ಸಂಸ್ಕ್ರುತದ ಬಾಗಿಲು ತಟ್ಟದೆ ಕೆಲಸ ಮುಗಿಯಿತು.
– ಕೆ.

ಕೆ. ಅವರೇ, ಅದನ್ನು ಓದಿಸಲು ಪಕ್ಕದಲ್ಲಿ ಇನ್ನೊಬ್ಬ ಅನುವಾದಕ ಕೂರಬೇಕಾಗುತ್ತದೆ. ಅಂದಹಾಗೆ, ನಿಮ್ಮ ಅಚ್ಚಕನ್ನಡದ ‘ಜಾಣ’ ಪ್ರಾಕೃತದ ಕಡೆಯಿಂದ ಬಂದವನು.
– ಶ್ರೀ.

ಪದ ಹುಡುಕುವ ಮುಂಚೆ ಸಂಗತಿ ನೋಡಿ. ನಾನು ಐಸಿಯುನಲ್ಲಿ ಕೆಲಸ ಮಾಡುವವಳು. ಇಲ್ಲಿ ಎರಡು ಪ್ರಶ್ನೆ ಕಲೆಸಿಹೋಗಿವೆ. ಶ್ವಾಸಕೋಶ ಚೆನ್ನಾಗಿದೆಯೇ ಎಂಬುದು ಒಂದು. ಈ ರೋಗಿಗೆ ಅದು ಕೂಡುತ್ತದೆಯೇ ಎಂಬುದು ಇನ್ನೊಂದು. ಎರಡನೆಯದಕ್ಕೆ ರಕ್ತದ ಗುಂಪು, ಎದೆಗೂಡಿನ ಅಳತೆ ನೋಡುತ್ತಾರೆ. ಅದಕ್ಕೆ ‘ಹೊಂದಾಣಿಕೆ’ ಸಾಕು. ನಿಮ್ಮ ಪುಟ ಮೊದಲನೆಯದರದು.

ದಾನಿಗೆ ಸ್ವಲ್ಪ ಹೊತ್ತು 100% ಆಮ್ಲಜನಕ ಕೊಟ್ಟು ಅಪಧಮನಿಯ ರಕ್ತ ತೆಗೆದು ನೋಡುತ್ತೇವೆ. ಆಮ್ಲಜನಕದ ಒತ್ತಡ 300 ಮಿ.ಮೀ. ಪಾದರಸ ದಾಟಿರಬೇಕು. ಎಕ್ಸ್‌ರೇ ತಿಳಿಯಾಗಿರಬೇಕು. ಆಮೇಲೆ ಬ್ರಾಂಕೋಸ್ಕೋಪ್ (ಶ್ವಾಸನಾಳದ ಒಳಗನ್ನು ನೋಡುವ ಸಾಧನ) ಇಳಿಸುತ್ತಾರೆ. ಕಫ ಹೀರಿ ತೆಗೆದ ಮೇಲೆ ಶ್ವಾಸನಾಳ ಶುಚಿಯಾಗಿಯೇ ಉಳಿದರೆ ಸರಿ, ಮತ್ತೆ ಮತ್ತೆ ಕೀವು ಒಸರುತ್ತಿದ್ದರೆ ಎಲ್ಲರ ಮುಖ ಇಳಿಯುತ್ತದೆ. ಹಳೆಯ ಪಟ್ಟಿಯಲ್ಲಿ ವಯಸ್ಸು 55ರೊಳಗೆ, ಸಿಗರೇಟು 20 ಪ್ಯಾಕ್-ವರ್ಷದೊಳಗೆ ಎಂದಿದೆ. (ದಿನಕ್ಕೊಂದು ಪ್ಯಾಕಿನಂತೆ 20 ವರ್ಷ, ಇಲ್ಲವೇ ಎರಡರಂತೆ 10 ವರ್ಷ.) ಈಗ ಆ ಗೆರೆ ದಾಟಿದವನ್ನೂ ಕಸಿಮಾಡುತ್ತಾರೆ. ನಿಮ್ಮ ‘ಮಾರ್ಜಿನಲ್’ ಅದೇ. ಅನುಮಾನವಿದ್ದರೆ ಶ್ವಾಸಕೋಶವನ್ನು ದೇಹದ ಹೊರಗೆ ಯಂತ್ರಕ್ಕೆ ಜೋಡಿಸಿ, ಬೆಚ್ಚಗಿಟ್ಟು, ದ್ರಾವಣ ಹರಿಸಿ, ಗಾಳಿಯಾಡಿಸಿ ಕೆಲವು ಗಂಟೆ ಪರೀಕ್ಷಿಸುವ ಸೌಲಭ್ಯವೂ ಇದೆ. ಮೊದಲು ಬೇಡವೆಂದದ್ದು ಆಮೇಲೆ ಕಸಿಯಾಗುವುದುಂಟು.

ಇನ್ನೊಂದು. ಶ್ವಾಸಕೋಶ ಬಾರದ ದಾನಿಯ ಯಕೃತ್ತು, ಮೂತ್ರಪಿಂಡ ಎಷ್ಟೋ ಸಲ ಚೆನ್ನಾಗಿಯೇ ಇರುತ್ತವೆ. ಆ ಮನುಷ್ಯನನ್ನು ‘ಅನರ್ಹ’ ಎನ್ನುವುದು ಭಾಷೆಯ ತಪ್ಪಲ್ಲ, ಸಂಗತಿಯದೇ ತಪ್ಪು. ವಾರ್ಡಿನಲ್ಲಿ ನಾವಾಡುವ ಮಾತು ಇಷ್ಟೇ: ‘ಲಂಗ್ಸ್ ಆಗುತ್ತಾ?’ ‘ಆಗಲ್ಲ, ಲಿವರ್ ಆಗುತ್ತೆ.’
– ಮಂ.

ಮಂ. ಮೇಡಂ ಬಾಯಲ್ಲೇ ಉತ್ತರ ಇದೆ: ಕ್ರಿಯಾಪದ. ಇಂಗ್ಲಿಷಿನಲ್ಲಿ ಭಾವನಾಮ ಇದೆಯೆಂದು ನಾವೂ -ತೆ, -ತ್ವ ಅಂಟಿಸಲೇಬೇಕೇ? ಬರಹಕ್ಕೆ ‘ಆಗು’ ಸಡಿಲವೆನಿಸಿದರೆ ‘ಒದಗು’ ಇದೆ. ಕಷ್ಟಕ್ಕೊದಗಿದ ನೆಂಟ ಅನ್ನುವುದಿಲ್ಲವೇ? ‘ಶ್ವಾಸಕೋಶ ಕಸಿಗೆ ಒದಗುತ್ತದೆಯೇ?’ ಎಂದು ತಲೆಬರಹ ಕೊಡಿ. ಒದಗದಿದ್ದರೆ ಅದು ಶ್ವಾಸಕೋಶದ ಮಾತು, ಮಗನದಲ್ಲ.
– ಗೋ.

ಮೇಷ್ಟ್ರೇ, ‘ಒದಗು’ ಚೆನ್ನಾಗಿದೆ. ಆದರೆ ‘ಕಸಿ’? ಕಸಿದುಕೊಂಡರು ಅನ್ನುವ ಕಸಿಯೇ ಕಿವಿಗೆ ಬೀಳುತ್ತದೆ. ಅಂಗ ಕೊಡುವ ಮನೆಯವರ ಮುಂದೆ ಆ ಪದವೇ? ‘ಬದಲಿ ಜೋಡಣೆ’ ಎನ್ನಿ.
– ನಾ.

ಮಾವಿನ ಕಸಿ ಗೊತ್ತಿರುವವರಿಗೆ ಹಾಗೆ ಕೇಳಿಸುವುದಿಲ್ಲ. ಗೊತ್ತಿಲ್ಲದವರಿಗಾಗಿ ಪದ ಬದಲಿಸುತ್ತಾ ಹೋದರೆ ನಿಘಂಟಿನಲ್ಲಿ ರಟ್ಟು ಮಾತ್ರ ಉಳಿಯುತ್ತದೆ.
– ಗೋ.

ಒದಗು, ಕಸಿ ಎರಡೂ ಕನ್ನಡದವು, ಒಪ್ಪಿದೆ. ನಡುವೆ ‘ಶ್ವಾಸಕೋಶ’ ಯಾಕೆ ಕೂತಿದೆ? ಅರ‍್ತವಾಗದ ಮಹಾಪ್ರಾಣ, ಒತ್ತಕ್ಷರ ಹೊರಿಸಿ ಜನರ ಉಸಿರು ಕಟ್ಟಿಸಬೇಡಿ.
– ಕೆ.

‘ಶ್ವಾಸಕೋಶ’ದಲ್ಲಿ ಮಹಾಪ್ರಾಣ ಎಲ್ಲಿದೆ ಸ್ವಾಮಿ? ಹುಡುಕಿ ಹೇಳಿ, ಕಾಯುತ್ತೇನೆ.
– ಶ್ರೀ.

ಈ ಜಗಳದಲ್ಲಿ ಒಂದು ಬಿಟ್ಟುಹೋಗದಿರಲಿ: ಕೈಪಿಡಿಯಲ್ಲಿ ‘ಮಿದುಳು ನಿಷ್ಕ್ರಿಯ’ ಎಂದಿದ್ದರೆ ತೆಗೆಯಿರಿ. ಪತ್ರಿಕೆಗಳು ಹಾಗೆ ಬರೆಯುತ್ತವೆ, ಓದಿದವರು ಮತ್ತೆ ಸಕ್ರಿಯವಾದೀತು ಎಂದು ಕಾಯುತ್ತಾರೆ. ‘ಮಿದುಳು ಸಾವು’ ಎನ್ನಿ. ಅದು ಸಾವೇ.
– ಮಂ.

‘ನಿಷ್ಕ್ರಿಯ’ ಎರಡು ಕಡೆ ಇತ್ತು, ತೆಗೆದೆ. ತಲೆಬರಹ ಗೋ. ಮೇಷ್ಟ್ರದೇ. ‘ಮಾರ್ಜಿನಲ್’ಗೆ ಪದ ಹುಡುಕುವುದು ಬಿಟ್ಟು, ‘ಹಳೆಯ ಮಾನದಂಡಕ್ಕೆ ಹೊರತಾದರೂ ಪರೀಕ್ಷಿಸಿ ಬಳಸಬಹುದಾದ ಶ್ವಾಸಕೋಶ’ ಎಂದು ಬಿಡಿಸಿಯೇ ಬರೆದಿದ್ದೇನೆ. ಉದ್ದವಾಯಿತು, ಇರಲಿ. ಉಸಿರುಚೀಲದ ಚರ್ಚೆಗೆ ದಯವಿಟ್ಟು ಬೇರೆ ಎಳೆ ತೆರೆಯಿರಿ.
– ವಿ.

ತೆರೆದಿದ್ದೇನೆ.
– ಕೆ.